ಕೀಲುಗೊಂಬೆಯೂ ತೊಗಲುಗೊಂಬೆಯೂ

ಉರ್ದು ಶಾಲೆಯಲ್ಲಿ ನಾವು 'ಹೀಲಾ' ಎಂಬ ಪದ ಕಲಿತದ್ದು ಬೈಗುಳದ ಮೂಲಕ. ಮನೆಪಾಠ ಬರೆಯದೆ ಹೋದ ದಿನ ಹೊಟ್ಟೆನೋವು, ಜ್ವರ, ದೂರದ ಊರಲ್ಲಿ ತೀರಿಕೊಂಡ ಯಾರೋ ಮಾಮೂ ಎಂದು ಏನಾದರೊಂದು ಹೇಳಿದರೆ ಉಸ್ತಾದರು ಬೆತ್ತ ಎತ್ತಿಕೊಂಡು 'ಹೀಲಾ ಬಹಾನಾ ನಡೆಯೋದಿಲ್ಲ' ಎನ್ನುತ್ತಿದ್ದರು. ಹೀಲಾ ಎಂದರೆ ನೆಪ, ಉಪಾಯ, ಸಣ್ಣ ಮೋಸ. ಅದೇ ಪದದ ಮೊದಲಕ್ಷರದ ಮೇಲೆ ಒಂದು ನುಕ್ತಾ ಇಟ್ಟರೆ 'ಹೇ' ಹೋಗಿ 'ಖೇ' ಆಗುತ್ತದೆ. ಆ ಖೇಯಿಂದ ಶುರುವಾಗುವುದು 'ಖಯಾಲ್'. ನುಕ್ತಾ ಮರೆತದ್ದಕ್ಕೂ ನಾವು ಬೆತ್ತದ ರುಚಿ ಕಂಡವರೇ. ಖಯಾಲ್ ಎಂದರೆ ಉರ್ದುವಿನಲ್ಲಿ ಯೋಚನೆ, ಕಲ್ಪನೆ. ಹೈಸ್ಕೂಲಿಗೆ ಕನ್ನಡ ಮಾಧ್ಯಮಕ್ಕೆ ಬಂದಾಗ ನೋಡಿದರೆ ಈ ಪದ ನಮಗಿಂತ ಮೊದಲೇ ಅಲ್ಲಿಗೆ ಬಂದು ಕುಳಿತಿತ್ತು. 'ಇವನಿಗೆ ನಾಟಕದ ಖಯಾಲಿ' ಎಂದು ಮೇಷ್ಟ್ರು ಹೇಳುತ್ತಿದ್ದರು. ಒಂದು ಹುಚ್ಚು, ಒಂದು ಗೀಳು ಎಂಬರ್ಥದಲ್ಲಿ.

ಅರಬ್ಬರು ಯಂತ್ರವಿದ್ಯೆಯನ್ನು 'ಹಿಯಲ್' ಎಂದು ಕರೆದರು, ಅಂದರೆ ಹೀಲಾದ ಬಹುವಚನ. ನೆರಳುಗೊಂಬೆಯಾಟವನ್ನು 'ಖಯಾಲ್ ಅಲ್-ಝಿಲ್' ಎಂದರು. ತಾನಾಗಿ ಕೈಯಾಡಿಸುವ, ವಾದ್ಯ ನುಡಿಸುವ ಕೀಲುಗೊಂಬೆ ಮೊದಲನೆಯದು. ಒಂದು ತುಂಡು ತೊಗಲು, ಒಂದು ಕಡ್ಡಿ, ಒಂದು ದೀಪ ಎರಡನೆಯದು. ಒಂದೇ ನಾಗರಿಕತೆ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಇವೆರಡನ್ನೂ ಬೆಳೆಸಿತು. ಎರಡರ ಗತಿ ಏನಾಯಿತೆಂದು ನೋಡುವುದು ಈ ಬರಹದ ಉದ್ದೇಶ.

ಮೊದಲು ಕೀಲಿನ ಕಡೆಗೆ. ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಎಂಬ ಮೂವರು ಸಹೋದರರು 'ಕಿತಾಬ್ ಅಲ್-ಹಿಯಲ್' ಬರೆದು ನೂರರಷ್ಟು ಯಂತ್ರಗಳನ್ನು ವಿವರಿಸಿದರು. ಆದರೆ ಈ ವಿದ್ಯೆ ಗೊಂಬೆಯ ರೂಪದಲ್ಲಿ ಮೈದುಂಬಿ ನಿಂತದ್ದು ಇಸ್ಮಾಈಲ್ ಅಲ್-ಜಝರಿಯ ಕೈಯಲ್ಲಿ. ಇಂದಿನ ಟರ್ಕಿಯ ದಿಯಾರ್‌ಬಕಿರ್, ಅಂದಿನ ಆಮಿದ್, ಅಲ್ಲಿನ ಅರ್ತುಕಿದ್ ಅರಸರ ಆಸ್ಥಾನದಲ್ಲಿ ಈತ ಯಂತ್ರಜ್ಞ. 1206ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ 50 ಯಂತ್ರಗಳನ್ನು ಚಿತ್ರಸಮೇತ, ಅಳತೆಸಮೇತ ಕೊಟ್ಟಿದ್ದಾನೆ. ಮಾಡಿ ನೋಡದ ವಿದ್ಯೆ ಸರಿಯೋ ತಪ್ಪೋ ಎಂದು ಹೇಳಲಾಗದು ಎಂಬುದು ಅವನ ನಿಲುವು. ಪಂಡಿತನದ್ದಲ್ಲ, ಕಮ್ಮಾರಸಾಲೆಯಲ್ಲಿ ಬೆವರಿಳಿಸಿದವನ ಮಾತು.

ಅವನ ಆನೆ ಗಡಿಯಾರವನ್ನು ನಮ್ಮ ಕರಾವಳಿಯ ಎಷ್ಟೋ ಮಂದಿ ಕಣ್ಣಾರೆ ನೋಡಿರುತ್ತಾರೆ. ದುಬೈಗೆ ದುಡಿಯಲು ಹೋದವರು ಶುಕ್ರವಾರದ ರಜೆಯಲ್ಲಿ ಸುತ್ತಾಡಿದ ಇಬ್ನ್ ಬತೂತಾ ಮಾಲ್‌ನಲ್ಲಿ ಅದರ ದೊಡ್ಡ ಪ್ರತಿಕೃತಿ ಇದೆ. (ನಮ್ಮ ಹೊನ್ನಾವರದಲ್ಲಿ ತಂಗಿ ಅಲ್ಲಿನವರನ್ನು ಹೊಗಳಿ ಬರೆದ ಇಬ್ನ್ ಬತೂತಾನ ಹೆಸರು ಕೊನೆಗೆ ಅಂಗಡಿಸಾಲಿಗೆ ಬಿತ್ತಲ್ಲ ಎಂಬ ಬೇಸರ ಬೇರೆ.) ಆನೆಯ ಹೊಟ್ಟೆಯಲ್ಲಿ ನೀರಿನ ತೊಟ್ಟಿ. ಅದರಲ್ಲಿ ತಳಕ್ಕೆ ಸಣ್ಣ ತೂತಿರುವ ಬಟ್ಟಲೊಂದು ತೇಲುತ್ತಿರುತ್ತದೆ. ಅರ್ಧ ಗಂಟೆಗೆ ಬಟ್ಟಲು ತುಂಬಿ ಮುಳುಗುತ್ತದೆ. ಮುಳುಗುವಾಗ ದಾರ ಎಳೆದು ಮೇಲಿನ ಗೋಪುರದಿಂದ ಲೋಹದ ಗುಂಡೊಂದು ಉರುಳುತ್ತದೆ, ಗಿಡುಗನ ಕೊಕ್ಕಿನಿಂದ ಸರ್ಪದ ಬಾಯಿಗೆ ಬೀಳುತ್ತದೆ. ಗುಂಡಿನ ಭಾರಕ್ಕೆ ಸರ್ಪ ಬಾಗುತ್ತದೆ, ಬಾಗುತ್ತಲೇ ಮುಳುಗಿದ ಬಟ್ಟಲನ್ನು ಮತ್ತೆ ಮೇಲೆತ್ತುತ್ತದೆ. ಅಷ್ಟರಲ್ಲಿ ಮಾವುತ ಆನೆಯ ತಲೆಗೆ ಒಂದೇಟು ಕೊಟ್ಟಿರುತ್ತಾನೆ. ನಡುವೆ ಕುಳಿತ ಲಿಪಿಕಾರ ಲೇಖನಿ ಹಿಡಿದು ನಿಧಾನವಾಗಿ ತಿರುಗುತ್ತ ಕಳೆದ ಹೊತ್ತನ್ನು ತೋರಿಸುತ್ತಾನೆ. ಇಷ್ಟೆಲ್ಲ ವೈಭವದ ಹೃದಯದಲ್ಲಿರುವುದು ನಮ್ಮ ಹಳ್ಳಿಗಳ ಜೋಯಿಸರು ಮುಹೂರ್ತ ನೋಡಲು ಇಡುತ್ತಿದ್ದ ಗಳಿಗೆ ಬಟ್ಟಲು! ಅಲ್-ಜಝರಿ ಅದನ್ನು ಆನೆಯ ಹೊಟ್ಟೆಯಲ್ಲಿಟ್ಟದ್ದು ಆಕಸ್ಮಿಕವಲ್ಲ, ಅದು ಹಿಂದೂಸ್ತಾನದ ತಂತ್ರ ಎಂದು ಅವನಿಗೆ ಗೊತ್ತಿತ್ತೆಂದೇ ಅನೇಕ ವಿದ್ವಾಂಸರ ಊಹೆ.

ಇನ್ನೊಂದು ಯಂತ್ರ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿತು. ಅರಸನಿಗೆ ವುಜೂ ಮಾಡುವಾಗ ಸೇವಕನೋ ದಾಸಿಯೋ ಕೈಗೆ ನೀರು ಸುರಿಯುವುದು ಹಿಡಿಸುತ್ತಿರಲಿಲ್ಲವಂತೆ. ಅದಕ್ಕೊಂದು ದಾರಿ ಹುಡುಕು ಎಂದ. ಅಲ್-ಜಝರಿ ತಾಮ್ರದ ಹುಡುಗನೊಬ್ಬನನ್ನು ಮಾಡಿಕೊಟ್ಟ. ಅವನ ಬಲಗೈಯ ಹೂಜಿಯಿಂದ ಹದವಾಗಿ ನೀರು ಬೀಳುತ್ತದೆ. ನೀರು ಮುಗಿಯುತ್ತಲೇ ಎಡಗೈ ಮುಂದೆ ಬಂದು ಟವೆಲ್, ಕನ್ನಡಿ, ಬಾಚಣಿಗೆ ಒಡ್ಡುತ್ತದೆ. ಎಂಥ ಕೌಶಲ! ಆದರೆ ತೊಟ್ಟಿಗೆ ನೀರು ತುಂಬಲು ಮತ್ತೆ ಒಬ್ಬ ಮನುಷ್ಯನೇ ಬೇಕಲ್ಲ. ಅರಸನಿಗೆ ಬೇಡವಾದದ್ದು ಆ ಮನುಷ್ಯನ ದುಡಿಮೆಯಲ್ಲ, ಅವನ ಮುಖ.

ಇನ್ನು ತೊಗಲಿನ ಕಡೆಗೆ. ಆಮಿದ್ ನಗರವನ್ನು 1183ರಲ್ಲಿ ಗೆದ್ದು ಅರ್ತುಕಿದ್ ಅರಸನಿಗೆ ಒಪ್ಪಿಸಿದವನು ಸುಲ್ತಾನ್ ಸಲಾಹುದ್ದೀನ್. ಅಲ್-ಜಝರಿಗೆ ಕೆಲಸ ಕೊಟ್ಟ ಮನೆತನ ಅವನ ಆಶ್ರಯದಲ್ಲಿತ್ತು. ಇದೇ ಸಲಾಹುದ್ದೀನನ ಬಗ್ಗೆ 1171ರ ಸುಮಾರಿನ ಒಂದು ಪ್ರಸಂಗವನ್ನು ಅರಬ್ ಗ್ರಂಥಕಾರರು ಹೇಳುತ್ತಾರೆ. ಕೈರೋದಲ್ಲಿ ನೆರಳುಗೊಂಬೆಯಾಟ ಏರ್ಪಾಟಾಗಿತ್ತು. ಆಟ ಶುರುವಾಗುತ್ತಲೇ ಸುಲ್ತಾನನ ಮಂತ್ರಿ, ಮಹಾ ವಿದ್ವಾಂಸ ಅಲ್-ಕಾಝಿ ಅಲ್-ಫಾಝಿಲ್ ಎದ್ದು ಹೊರಟರು. ಇದು ಹರಾಮ್ ಎಂದಾದರೆ ನಾವೂ ನೋಡುವುದಿಲ್ಲ ಎಂದ ಸುಲ್ತಾನ್. ದೊರೆಯ ಮಾತಿಗೆ ಮುಜುಗರಪಟ್ಟು ಕಾಝಿ ಕುಳಿತರು, ಕೊನೆಯತನಕ ನೋಡಿದರು. ಹೇಗಿತ್ತು ಎಂದು ಕೇಳಿದಾಗ ಅವರು ಹೇಳಿದ್ದರ ಭಾವ ಇದು: ರಾಜ್ಯಗಳು ಬಂದು ಹೋಗುವುದನ್ನು ಕಂಡೆ, ಪರದೆ ಮಡಿಸಿದಾಗ ಆಡಿಸುವವನು ಒಬ್ಬನೇ ಎಂದು ಗೊತ್ತಾಯಿತು. ಸೂಫಿಗಳಿಗೆ ಈ ಪರದೆ ಬಹಳ ಪ್ರಿಯವಾದ ಉಪಮೆ. ಇಬ್ನ್ ಅರಬಿ ತನ್ನ 'ಫುತೂಹಾತ್'ನಲ್ಲಿ ಇದನ್ನೇ ಎತ್ತಿಕೊಂಡು ಮಕ್ಕಳು ನಲಿಯುವುದಕ್ಕೂ ಬಲ್ಲವರು ಬೆರಗಾಗುವುದಕ್ಕೂ ಇರುವ ಅಂತರ ಹೇಳುತ್ತಾನೆ. ಕೀಲುಗೊಂಬೆಯಿಂದ ಈ ಉಪಮೆ ಅಷ್ಟು ಸುಲಭವಾಗಿ ಹುಟ್ಟುವುದಿಲ್ಲ. ಅದರ ಹೆಮ್ಮೆಯೆಲ್ಲ ಇರುವುದೇ ತನ್ನನ್ನು ಆಡಿಸುವವರು ಯಾರೂ ಇಲ್ಲ ಎಂದು ನಂಬಿಸುವುದರಲ್ಲಿ.

ತೊಗಲುಗೊಂಬೆ 'ಸರಳ' ಎಂದೆವು. ಆ ಮಾತನ್ನು ಇಲ್ಲಿ ಸ್ವಲ್ಪ ತಿದ್ದಬೇಕು. ಟರ್ಕಿಯ ಕರಾಗೊಝ್ ಆಟದಲ್ಲಿ ಗೊಂಬೆಗೆ ಒಂಟೆಯ ತೊಗಲು ಬೇಕು. ಕೂದಲು ತೆಗೆದು, ಹೆರೆದು ಹೆರೆದು, ಬೆಳಕು ಹಾಯುವಷ್ಟು ತೆಳ್ಳಗೆ ಮಾಡಬೇಕು. ಚೂಪು ಚಾಕುವಿನಿಂದ ಕತ್ತರಿಸಿ, ಸಣ್ಣ ತೂತು ಕೊರೆದು ಬಣ್ಣ ಹಾಕಬೇಕು. ಗೊಂಬೆ ಒಂದು ಮೊಳದೊಳಗಿನದು. ಗಂಭೀರ, ಪಂಡಿತ ಮಾತಿನ ಹಾಜಿವಾತನಿಗೆ ಒಂದೇ ಕಡ್ಡಿ. ಒರಟು, ಹಸಿದ ಹೊಟ್ಟೆಯ ಕರಾಗೊಝನಿಗೆ ಎರಡು, ಯಾಕೆಂದರೆ ಅವನಿಗೆ ಹೊಡೆಯಲು ಒಂದು ಕೈ ಆಡಬೇಕು. ಇಡೀ ಯಂತ್ರವಿಜ್ಞಾನ ಅಷ್ಟೇ. ಪರದೆಯ ಹಿಂದೆ ಒಬ್ಬನೇ ಕುಳಿತು ಗಂಡು, ಹೆಣ್ಣು, ಅರಬ್ಬ, ಅರ್ಮೇನಿಯನ್, ಯಹೂದಿ, ಕುಡುಕ ಎಲ್ಲರ ದನಿಯಲ್ಲೂ ಮಾತಾಡುತ್ತಾನೆ. ಅವನನ್ನು 'ಹಯಾಲಿ' ಎನ್ನುತ್ತಾರೆ. ನಮ್ಮ 'ಖಯಾಲಿ'ಯೇ! ರಮಝಾನಿನ ರಾತ್ರಿಗಳಿಗೆಂದು 28 ಆಟಗಳ ಕಟ್ಟು, ದಿನಕ್ಕೊಂದು, ಲೈಲತುಲ್ ಕದ್ರ್‌ನ ರಾತ್ರಿ ಮಾತ್ರ ರಜೆ. ಕಡ್ಡಿ ಸಿಗಿಸುವ ತೂತು ಇರುವುದರಿಂದ ಇದು ಜೀವವಿರಬಲ್ಲ ಆಕೃತಿಯಲ್ಲ, ಆದ್ದರಿಂದ ದೋಷವಿಲ್ಲ ಎಂಬ ವಾದವೂ ಇತ್ತು. ಅದೂ ಒಂದು ಹೀಲಾ ಎಂದು ನಮ್ಮ ಉಸ್ತಾದರು ಅನ್ನುತ್ತಿದ್ದರೇನೋ.

ನಮ್ಮ ಬಳ್ಳಾರಿ, ಕೊಪ್ಪಳದ ಸೀಮೆಯಲ್ಲಿ ಇದೇ ವಿದ್ಯೆ ಇನ್ನೊಂದು ದಾರಿಯಲ್ಲಿ ಬೆಳೆದಿದೆ. ಗೊಂಬೆರಾಮರು, ಕಿಳ್ಳೆಕ್ಯಾತರು ಎಂದು ಕರೆಸಿಕೊಳ್ಳುವ ಅಲೆಮಾರಿ ಜನ ತೊಗಲುಗೊಂಬೆ ಹೊತ್ತು ಊರೂರು ತಿರುಗುತ್ತಿದ್ದರು. ಮಳೆ ಹೋದ ವರ್ಷ ಊರವರೇ ಕರೆಸಿ ಆಡಿಸುವುದಿತ್ತು. ಇಲ್ಲಿ ಗೊಂಬೆಯ ಗಾತ್ರಕ್ಕೂ ಪಾತ್ರದ ಅಂತಸ್ತಿಗೂ ಸಂಬಂಧ: ದೇವರು ದೊರೆಗಳು ದೊಡ್ಡವರು, ಸಾಮಾನ್ಯರು ಚಿಕ್ಕವರು. ಎಷ್ಟೋ ತೊಗಲುಗಳಲ್ಲಿ ಒಂದು ಇಡೀ ಸನ್ನಿವೇಶವೇ ಇರುತ್ತದೆ, ಪಟ್ಟಾಭಿಷೇಕದ ಆಸ್ಥಾನ ಪೂರ್ತಿ ಒಂದೇ ತೊಗಲಿನಲ್ಲಿ. ಕೀಲೇ ಇಲ್ಲ! ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಎಂ.ಎಸ್. ನಂಜುಂಡರಾಯರ ಶ್ರಮದಿಂದ ಉಳಿದಿರುವ ಸಂಗ್ರಹ ನೋಡಿದವರಿಗೆ ಇದು ಗೊತ್ತು.

ನಾವು ಚಿಕ್ಕಂದಿನಲ್ಲಿ ಈ ಆಟ ನೋಡಿದ್ದು ಒಂದೇ ಸಲ, ಆ ವರ್ಷದ ಉರುಸು ಮುಗಿದ ವಾರ. ಉರುಸಿನಲ್ಲಿ ಅಬ್ಬಾ ಕೊಡಿಸಿದ ಕೀಲಿಕೈ ತಿರುಗಿಸುವ ಕರಡಿ ನಮ್ಮ ಬಗಲಲ್ಲೇ ಇತ್ತು. ಕೀಲಿ ತಿರುಗಿಸಿದರೆ ಡೋಲು ಬಡಿಯುತ್ತಿತ್ತು. ಪರದೆಯ ಮೇಲೆ ರಾಮ ಲಕ್ಷ್ಮಣರು ಕದಲದೆ ನಿಂತಿದ್ದರು, ಆದರೂ ಅವರು ಉಸಿರಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಎಣ್ಣೆ ದೀಪದ ಕುಡಿ ಅಲುಗಿದಾಗೆಲ್ಲ ತೊಗಲಿನ ಕೆಂಪು ಹಸಿರುಗಳು ಅಲುಗುತ್ತಿದ್ದವು ಎಂಬುದು ಹೊಳೆದದ್ದು ಬಹಳ ಆಮೇಲೆ. ಗೊಂಬೆಯನ್ನು ಪರದೆಗೆ ಒತ್ತಿದರೆ ಗೆರೆ ಸ್ಪಷ್ಟ. ದೀಪದ ಕಡೆಗೆ ಒಂದು ಗೇಣು ಹಿಂದಕ್ಕೆಳೆದರೆ ಮಸುಕಾಗಿ, ಹಿಗ್ಗಿ, ಮನುಷ್ಯ ಹೋಗಿ ಭೂತವಾಗುತ್ತದೆ. ಆ ಒಂದು ಗೇಣಿನ ಜಾಗದಲ್ಲಿ ಅವರು ಹುಟ್ಟು, ಸಾವು, ಮಾಯ ಎಲ್ಲ ಮಾಡುತ್ತಿದ್ದರು. ಆ ಆಟದಲ್ಲಿ ಕೈಕಾಲು ಆಡುತ್ತಿದ್ದದ್ದು ಕಿಳ್ಳೆಕ್ಯಾತನಿಗೆ ಮತ್ತು ಅವನ ಹೆಂಡತಿ ಬಂಗಾರಕ್ಕನಿಗೆ ಮಾತ್ರ. ಇಸ್ತಾಂಬುಲಿನ ಹಾಗೆ ಇಲ್ಲಿಯೂ ಮೈ ಕುಣಿಸುವ ಹಕ್ಕು ಹಾಸ್ಯಗಾರನಿಗೇ! ಊರಿನ ಒಬ್ಬ ಸಾಹುಕಾರರ ಬಡ್ಡಿ ಲೆಕ್ಕವನ್ನು ಕಿಳ್ಳೆಕ್ಯಾತ ಎತ್ತಿದಾಗ ಮುಂದಿನ ಸಾಲಿನಲ್ಲಿ ಕುಳಿತ ಆ ಸಾಹುಕಾರರೇ ನಗಬೇಕಾಯಿತು. ಸಂಜೆ ಊರಿಗೆ ಬಂದವರಿಗೆ ರಾತ್ರಿಯೊಳಗೆ ಬಡ್ಡಿಯ ಸುದ್ದಿ ಹೇಗೆ ಮುಟ್ಟಿತೋ! ನಮ್ಮ ಕರಡಿ ಮಾತ್ರ ಉರುಸಿನ ಅಂಗಡಿಯಲ್ಲಿ ಬಡಿದ ತಾಳವನ್ನೇ ಬಡಿಯುತ್ತಿತ್ತು. ನಾಲ್ಕನೇ ದಿನ ಸ್ಪ್ರಿಂಗ್ ಹರಿದು ಅದೂ ನಿಂತಿತು.

ಗೊಂಬೆಯಾಟ ಜನರಿಗೆ ಬೇಸರ ತರಿಸುವುದಿಲ್ಲ ಎಂದಲ್ಲ. ಹದಿಮೂರನೇ ಶತಮಾನದ ಕೈರೋದಲ್ಲೇ ಆ ದೂರು ಇತ್ತು. ಮೋಸುಲ್‌ನಲ್ಲಿ ಹುಟ್ಟಿ, ಮಂಗೋಲರ ದಾಳಿಯ ನಂತರ ಕೈರೋಗೆ ಬಂದ ಇಬ್ನ್ ದಾನಿಯಾಲ್ ಎಂಬ ಕಣ್ಣಿನ ವೈದ್ಯ ಬಾಬುಲ್ ಫುತೂಹ್ ಬಳಿ ಅಂಗಡಿ ಇಟ್ಟಿದ್ದ. ನೆರಳಾಟ ನೋಡಿ ನೋಡಿ ಜನ ಬೇಸತ್ತಿದ್ದಾರೆ, ಏನಾದರೂ ಹೊಸದು ಬರೆದುಕೊಡು ಎಂದು ಗೆಳೆಯನೊಬ್ಬ ಕೇಳಿದ ಎಂದು ಅವನೇ ಬರೆದುಕೊಂಡಿದ್ದಾನೆ. ಆಗ ಅವನು ಹೊಸ ಕೀಲು ಹುಡುಕಲಿಲ್ಲ, ಹೊಸ ಮಾತು ಹುಡುಕಿದ. ಅವನ ಮೂರು ನಾಟಕಗಳು ಉಳಿದಿವೆ. ಎರಡನೆಯದಾದ 'ಅಜೀಬ್ ವ ಗರೀಬ್'ನಲ್ಲಿ ಸಂತೆಯ ಜನ ಒಬ್ಬರ ಹಿಂದೊಬ್ಬರು ಪರದೆಗೆ ಬರುತ್ತಾರೆ: ಪ್ರವಚನಕಾರ, ಹಾವಾಡಿಗ, ಜ್ಯೋತಿಷಿ, ತಾಯಿತ ಮಾರುವವನು, ದೊಂಬರು, ಆನೆ ಸಿಂಹ ಪಳಗಿಸುವವರು. ಮೊದಲ ನಾಟಕ 'ತೈಫ್ ಅಲ್-ಖಯಾಲ್'ನಲ್ಲಿ ಸುಲ್ತಾನ್ ಬೈಬರ್ಸ್ ಮದ್ಯಪಾನ ನಿಷೇಧಿಸಿದ ಕಾರಣ ಸೈತಾನನೇ ಸತ್ತನೆಂದು ಗೋಳಾಡುವ ಭಾಗವಿದೆ. ಮನೆಮಂದಿಯೆಲ್ಲ ಕೂತು ಓದುವಂಥ ಪುಸ್ತಕವಲ್ಲ, ಹೇಳಿಬಿಡುತ್ತೇವೆ. ಆದರೆ ಆ ಕಾಲದ ಕೈರೋದ ಬಡವರ ಬಾಯಿಮಾತು ಹೀಗಿತ್ತೆಂದು ತಿಳಿಯಲು ಇಂಥ ಆಕರ ಮತ್ತೊಂದು ಸಿಗುವುದು ಕಷ್ಟ.

ಆಳುವವರು ಕೀಲುಗೊಂಬೆಯನ್ನು ಅರಮನೆಯೊಳಗೆ ಇಟ್ಟುಕೊಂಡರು. ತೊಗಲುಗೊಂಬೆಯನ್ನು? 1451ರಲ್ಲಿ ಮಮ್ಲೂಕ್ ಸುಲ್ತಾನ್ ಜಕ್ಮಕ್ ನೆರಳಾಟ ನಿಷೇಧಿಸಿ ಗೊಂಬೆಗಳನ್ನು ಸುಡಿಸಿದ. ಆಟ ಸಾಯಲಿಲ್ಲ. 1517ರಲ್ಲಿ ಉಸ್ಮಾನಿ ಸುಲ್ತಾನ್ ಸಲೀಮ್ ಈಜಿಪ್ಟ್ ಗೆದ್ದು, ಕೊನೆಯ ಮಮ್ಲೂಕ್ ಸುಲ್ತಾನ್ ತೂಮಾನ್ ಬೇಯನ್ನು ಬಾಬ್ ಝುವೈಲಾದಲ್ಲಿ ನೇಣಿಗೆ ಹಾಕಿಸಿದ. ಹಗ್ಗ ಎರಡು ಸಲ ಹರಿಯಿತು, ಮೂರನೇ ಸಲ ಪ್ರಾಣ ಹೋಯಿತು. ಕೆಲವೇ ತಿಂಗಳಲ್ಲಿ ಕೈರೋದ ಒಬ್ಬ ಗೊಂಬೆಯಾಟದವನು ಅದನ್ನೇ, ಹಗ್ಗ ಎರಡು ಸಲ ಹರಿದದ್ದನ್ನೂ ಸೇರಿಸಿ, ಸಲೀಮನ ಮುಂದೆ ಆಡಿ ತೋರಿಸಿದನೆಂದು ಅಂದಿನ ಚರಿತ್ರೆಕಾರ ಇಬ್ನ್ ಇಯಾಸ್ ಬರೆದಿದ್ದಾನೆ. ಸಲೀಮ್ ಸಂತೋಷಪಟ್ಟು 80 ದೀನಾರ್, ಒಂದು ಮಖಮಲ್ಲಿನ ನಿಲುವಂಗಿ ಕೊಟ್ಟು, ಇಸ್ತಾಂಬುಲಿಗೆ ಬಾ, ನನ್ನ ಮಗನೂ ನೋಡಲಿ ಎಂದ. ಟರ್ಕಿಗೆ ನೆರಳಾಟ ಹೋದದ್ದು ಹೀಗೆ ಎಂದು ಕೆಲವರ ಅಭಿಪ್ರಾಯ. ಈ ಪ್ರಸಂಗ ಓದಿದಾಗೆಲ್ಲ ನಮಗೆ ಆ ಆಟಗಾರನ ಮೇಲೆ ಸಿಟ್ಟೂ ಬರುತ್ತದೆ, ಕರುಣೆಯೂ ಬರುತ್ತದೆ. ನಿನ್ನೆಯ ದೊರೆಯ ಸಾವನ್ನು ಇಂದಿನ ದೊರೆಗೆ ರಂಜನೆ ಮಾಡಿದ. ತೊಗಲುಗೊಂಬೆ ಯಾವಾಗಲೂ ಬಡವರ ಪರ ಎಂದು ಭಾಷಣ ಮಾಡುವವರು ಇದನ್ನು ಮರೆಯಬಾರದು. ಆದರೆ ಅದೇ ತೊಗಲು ಅಲ್ಜೀರಿಯಾಕ್ಕೆ ಹೋಗಿ ಅಲ್ಲಿ ಫ್ರೆಂಚ್ ಸೈನಿಕರನ್ನು ಅಣಕಿಸಿತು. 1843ರಲ್ಲಿ ಫ್ರೆಂಚರು ಕರಾಗೊಝ್ ಆಟ ನಿಷೇಧಿಸಬೇಕಾಯಿತು. ತೋಪು ಬಂದೂಕು ಇದ್ದವರಿಗೆ ಒಂದು ಮೊಳದ ತೊಗಲಿನ ಭಯ.

ಇಲ್ಲಿ ನಮ್ಮ ಶ್ರೀರಂಗಪಟ್ಟಣದ ಹುಲಿಯನ್ನು ನೆನೆಯದೆ ಇರಲಾಗದು. ಟಿಪ್ಪುವಿನ ಆಸ್ಥಾನದಲ್ಲಿದ್ದ ಆ ಮರದ ಹುಲಿ ಸುಮಾರು ಆರಡಿ ಉದ್ದ, ಬಿದ್ದ ಯುರೋಪಿಯನ್ನನೊಬ್ಬನ ಕುತ್ತಿಗೆಗೆ ಬಾಯಿ ಹಾಕಿದೆ. ಪಕ್ಕದ ಹಿಡಿ ತಿರುಗಿಸಿದರೆ ಒಳಗಿನ ತಿದಿಗಳು ಊದುತ್ತವೆ. ಅವನ ಎಡಗೈ ಮೇಲಕ್ಕೂ ಕೆಳಕ್ಕೂ ಆಡುತ್ತದೆ, ಗಂಟಲಿನಿಂದ ನರಳುವ ದನಿ ಬರುತ್ತದೆ, ಹುಲಿ ಗುರುಗುಟ್ಟುತ್ತದೆ. ಹುಲಿಯ ಪಕ್ಕೆಯ ಬಾಗಿಲು ತೆಗೆದರೆ 18 ಸ್ವರಗಳ ಆರ್ಗನ್ ಬೇರೆ. ಕೆತ್ತನೆ ನಮ್ಮವರದು, ಒಳಗಿನ ಯಂತ್ರದಲ್ಲಿ ಫ್ರೆಂಚರ ಕೈವಾಡ ಇದ್ದಿರಬೇಕೆಂದು ಬಲ್ಲವರು ಹೇಳುತ್ತಾರೆ. ನಮ್ಮ ನೆಲದ ಮಟ್ಟಿಗೆ ಇಂಥ ಕೀಲುಗೊಂಬೆ ಇನ್ನೊಂದಿಲ್ಲ. ಅದರ ಸಿಟ್ಟೂ ನಿಜವಾದ ಸಿಟ್ಟು.

1799ರ ಮೇ 4ರಂದು ಪಟ್ಟಣ ಬಿತ್ತು, ಟಿಪ್ಪು ಹುತಾತ್ಮನಾದ. ಹುಲಿ ಹಡಗು ಹತ್ತಿತು. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಟ್ಟಡದಲ್ಲಿ ಅದನ್ನು ಜನರಿಗೆ ತೋರಿಸಲಾಯಿತು. ನೋಡಲು ಬಂದವರೆಲ್ಲ ಹಿಡಿ ತಿರುಗಿಸುವವರೇ. ಪಕ್ಕದ ವಾಚನಾಲಯದಲ್ಲಿ ಓದುವವರು ಈ ಗದ್ದಲಕ್ಕೆ ರೋಸಿಹೋಗಿ ದೂರಿದರು. ಕಂಪನಿಯವನನ್ನು ಕೊಲ್ಲಲೆಂದು ಮಾಡಿದ ಹುಲಿ ಕಂಪನಿಯ ಮನೆಯಲ್ಲೇ ಕುಳಿತು, ಕಂಪನಿಯ ನೆಂಟರಿಷ್ಟರ ಮಕ್ಕಳಿಗೆ ಅದೇ ದನಿಯಲ್ಲಿ ಗುರುಗುಟ್ಟಿತು. ಒಂದು ಸ್ವರವೂ ಬದಲಾಗಲಿಲ್ಲ. ಹಿಡಿ ಯಾರ ಕೈಯಲ್ಲಿದೆ ಎಂದು ಕೀಲಿಗೆ ಹೇಗೆ ಗೊತ್ತಾಗಬೇಕು? ಕಿಳ್ಳೆಕ್ಯಾತನ ತೊಗಲನ್ನೂ ಹೀಗೆ ಹೊತ್ತುಕೊಂಡು ಹೋಗಬಹುದಿತ್ತು, ಹೋದದ್ದೂ ಇದೆ. ಯುರೋಪಿನ ಮ್ಯೂಸಿಯಮ್‌ಗಳಲ್ಲಿ ಅವು ನೇತಾಡುತ್ತಿವೆ. ಆದರೆ ಅಲ್ಲಿ ಅವು ಮೂಕ. ಬೇರೆಯವರ ಕೈಯಲ್ಲಿ ಆಡಲು ಒಪ್ಪಿಲ್ಲ ಎನ್ನೋಣವೇ? ಕಥೆಗಾರರ ಚಟ, ಹಾಗೆನ್ನಲು ಮನಸ್ಸಾಗುತ್ತದೆ. ಹುಲಿ ಎರಡನೇ ಮಹಾಯುದ್ಧದಲ್ಲಿ ಚಾವಣಿ ಕುಸಿದು ನುಚ್ಚುನೂರಾಯಿತು, ಮತ್ತೆ ಜೋಡಿಸಿದರು. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿದೆ.

ಕೀಲಿನ ಚರಿತ್ರೆಯಲ್ಲಿ ಮತ್ತೊಬ್ಬ 'ನಮ್ಮವ'ನಿದ್ದಾನೆ, ವೇಷದ ಮಟ್ಟಿಗೆ. 1770ರಲ್ಲಿ ವಿಯೆನ್ನಾದಲ್ಲಿ ಕೆಂಪೆಲೆನ್ ಎಂಬುವನು ರಾಣಿ ಮರಿಯಾ ಥೆರೆಸಾಳ ಮುಂದೆ ಚದುರಂಗ ಆಡುವ ಗೊಂಬೆ ತಂದಿಟ್ಟ. ಪೇಟ, ನಿಲುವಂಗಿ, ಮೀಸೆಯ ತುರ್ಕ! ಪೂರ್ವದವರೆಂದರೆ ಮಂತ್ರ ಮಾಯ ಬಲ್ಲವರು ಎಂಬ ಅಂದಿನ ಯುರೋಪಿನ ನಂಬಿಕೆಗೆ ಆ ವೇಷ ಸರಿಹೊಂದಿತು. ಪೆಟ್ಟಿಗೆಯ ಬಾಗಿಲು ತೆರೆದು ಹಲ್ಲುಗಾಲಿಗಳನ್ನು ತೋರಿಸುತ್ತಿದ್ದರು. 1809ರಲ್ಲಿ ನೆಪೋಲಿಯನ್ ಅದರೆದುರು ಆಡಿದ. ಸತ್ಯವೇನೆಂದರೆ ಆ ಹಲ್ಲುಗಾಲಿಗಳ ಹಿಂದೆ ಒಬ್ಬ ಚದುರಂಗ ಬಲ್ಲ ಮನುಷ್ಯ ಮುದುರಿ ಕುಳಿತಿರುತ್ತಿದ್ದ, ಮೋಂಬತ್ತಿಯ ಬೆಳಕಿನಲ್ಲಿ. ಅವನ ಮೋಂಬತ್ತಿಯ ಹೊಗೆ ಪೇಟದೊಳಗಿಂದ ಹೊರಬೀಳುತ್ತಿತ್ತು, ಅದು ಗೊತ್ತಾಗದಿರಲೆಂದು ಮೇಲೆಯೂ ಮೋಂಬತ್ತಿ ಹಚ್ಚಿಡುತ್ತಿದ್ದರು. ನಮ್ಮ ಗೊಂಬೆರಾಮನೂ ದೀಪದ ಪಕ್ಕ, ಮರೆಯಲ್ಲೇ ಕೂರುವವನು. ಆದರೆ ಅಲ್ಲಿ ಅವನಿದ್ದಾನೆಂದು ಊರಿಗೆಲ್ಲ ಗೊತ್ತು, ಆಟ ಮುಗಿದ ಮೇಲೆ ಜೋಳ ಅಳೆದು ಕೊಡುವುದು ಅವನಿಗೇ. ಚದುರಂಗದ ತುರ್ಕ 1854ರಲ್ಲಿ ಫಿಲಡೆಲ್ಫಿಯಾದ ಬೆಂಕಿಯಲ್ಲಿ ಸುಟ್ಟುಹೋಯಿತು.

ಇಷ್ಟು ಬರೆದದ್ದಕ್ಕೆ ನಾವು ಯಂತ್ರದ ವೈರಿಗಳೆಂದು ಓದುಗರು ತಿಳಿಯಬಾರದು. ಅಲ್-ಜಝರಿಯ ಅದೇ ಪುಸ್ತಕದಲ್ಲಿ ನೀರೆತ್ತುವ ಯಂತ್ರಗಳೂ ಇವೆ. ಅರಸನ ತಾಮ್ರದ ಹುಡುಗನನ್ನು ಮಾಡಿದ ಕೈಯೇ ಹೊಲಕ್ಕೆ ನೀರು ಹರಿಸುವ ದಾರಿಯನ್ನೂ ಯೋಚಿಸಿತ್ತು. ಅವನ ಗೊಂಬೆಗಳಲ್ಲಿ ಒಂದೂ ಉಳಿದಿಲ್ಲ, ಚಿತ್ರಗಳು ಮಾತ್ರ ಉಳಿದಿವೆ. ಕೆಲವು ಹಸ್ತಪ್ರತಿಗಳ ಹಾಳೆ ಹಾಳೆ ಕಿತ್ತು ಮಾರಿಬಿಟ್ಟದ್ದರಿಂದ ಅವೂ ದೇಶಾಂತರ ಚದುರಿವೆ. 1315ರ ಪ್ರತಿಯೊಂದರ ಆನೆ ಗಡಿಯಾರದ ಹಾಳೆ ನ್ಯೂಯಾರ್ಕಿನಲ್ಲಿದೆ. 1976ರಲ್ಲಿ ಲಂಡನ್ನಿನಲ್ಲಿ ಅವನ ಕೋಟೆ ಗಡಿಯಾರವನ್ನು ಆ ಅಳತೆಗಳ ಪ್ರಕಾರವೇ ಕಟ್ಟಿದರು, ನಡೆಯಿತು. 770 ವರ್ಷದ ಹಿಂದಿನ ಬರಹದಿಂದ! ಕೀಲಿನ ದೊಡ್ಡ ಗುಣ ಅದೇ. ಬರೆದಿಟ್ಟರೆ ಸಾಕು, ಮಾಡಿದವನು ಸತ್ತರೂ ಮತ್ತೆ ಕಟ್ಟಬಹುದು.

ತೊಗಲುಗೊಂಬೆಗೆ ಈ ಭಾಗ್ಯವಿಲ್ಲ. ಗೊಂಬೆ ಉಳಿದರೂ ಆಟ ಉಳಿಯುವುದಿಲ್ಲ. ಅದರ ಹಲ್ಲುಗಾಲಿ, ಸನ್ನೆಗೋಲು ಎಲ್ಲ ಇರುವುದು ಒಬ್ಬ ಮುದುಕನ ಮಣಿಕಟ್ಟಿನಲ್ಲಿ, ಗಂಟಲಿನಲ್ಲಿ. ಕರಾಗೊಝ್ ಅನ್ನು ಯುನೆಸ್ಕೋ 2009ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಸಿರಿಯಾದ ನೆರಳಾಟವನ್ನು 2018ರಲ್ಲಿ ಸೇರಿಸಿದ್ದು ತುರ್ತಾಗಿ ಉಳಿಸಿಕೊಳ್ಳಬೇಕಾದವುಗಳ ಪಟ್ಟಿಗೆ. ಆಗ ಡಮಾಸ್ಕಸ್ಸಿನಲ್ಲಿ ಈ ಆಟ ಆಡಿಸುವವರು ಒಬ್ಬರೇ ಉಳಿದಿದ್ದರು.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಅವರಿಗೆ 96 ವರ್ಷ. ಸುದ್ದಿ ಓದಿದ ಸಂಜೆ ನಾವು ಮಕ್ಕಳನ್ನು ಕೂರಿಸಿಕೊಂಡು ಆ ಹಳೆಯ ರಾತ್ರಿಯ ಕಥೆ ಹೇಳಿದೆವು. ಆಟ ಮುಗಿದ ಮೇಲೆ ನಾವು ಪರದೆಯ ಹಿಂದಕ್ಕೆ ನುಗ್ಗಿದ್ದೆವು. ಬಗಲಲ್ಲಿದ್ದ ಕರಡಿಯನ್ನು ನೋಡಿ ಗೊಂಬೆಯ ಅಜ್ಜ, 'ಇದೇನ್ ಮಾಡತೈತಪ್ಪಾ?' ಎಂದು ಕೇಳಿದ. ಕೀಲಿ ಕೊಟ್ಟು ತೋರಿಸಿದೆವು. ಅವನು ಮಗುವಿನ ಹಾಗೆ ನಕ್ಕು, 'ಮತ್ತೊಮ್ಮೆ ತಿರುವು' ಎಂದ. ಮೂರು ಸಲ ತಿರುವಿಸಿ ನೋಡಿದ. ಆಮೇಲೆ ಕಿಳ್ಳೆಕ್ಯಾತನ ಕಡ್ಡಿಯನ್ನು ನಮ್ಮ ಕೈಗೆ ಕೊಟ್ಟ. ನಾವು ಎತ್ತಿ ಹಿಡಿದರೆ ಗೊಂಬೆ ಪರದೆಯ ಮೇಲೆ ಒಣಗಿದ ಎಲೆಯಂತೆ ಜೋತುಬಿತ್ತು.